ಕಟಕಟೆ ಹತ್ತುವ ಮುನ್ನ

ಮಾಕಳಿ, ತುಮಕೂರು ರಸ್ತೆ

ಪ್ರೀತಿಯ ಚೇತನಾ,

ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಯಲ್ಲಿ ವಾರ್ಡು, ಕೇಸ್ ಪ್ರೆಸೆಂಟೇಷನ್ ಎಂದು ಪುರಸೊತ್ತಿಲ್ಲದ ದಿನಗಳಲ್ಲೂ ಅಷ್ಟುದ್ದದ ಪತ್ರ ಬರೆದಿದ್ದೀಯ. ಅದರಲ್ಲಿನ ಒಂದು ಮಾತು ನನ್ನನ್ನು ಬಿಡುತ್ತಿಲ್ಲ. ಕೋರ್ಟಿಗೆ ಹೋಗುವ ಮನಶ್ಶಾಸ್ತ್ರಜ್ಞರ ಕೆಲಸ ಆರೋಪಿ ನಿಜ ಹೇಳುತ್ತಿದ್ದಾನೋ ಸುಳ್ಳು ಹೇಳುತ್ತಿದ್ದಾನೋ ಪತ್ತೆ ಹಚ್ಚುವುದಾ ಚಿಕ್ಕಮ್ಮ, ಹಾಗಿದ್ದರೆ ಆ ದಾರಿಯೇ ನನಗೆ ಬೇಡ ಎಂದಿದ್ದೀಯ. ಅಲ್ಲ ಮಗಳೇ, ಆ ಕೆಲಸ ನಮ್ಮದಲ್ಲ. ಆದರೆ ಅದು ನಮ್ಮದೇ ಎಂದು ಬೆಂಗಳೂರು ನಂಬಿಕೊಂಡಿದ್ದ ಕಾಲವೊಂದಿತ್ತು. ಮೊದಲು ಅದನ್ನೇ ಹೇಳುತ್ತೇನೆ.

ನೀನಾಗ ಪುಟ್ಟ ಹುಡುಗಿ. ಟಿವಿ ಹಾಕಿದರೆ ಸಾಕು, ಮಂಪರು ಪರೀಕ್ಷೆಯ ಸುದ್ದಿ. ಛಾಪಾ ಕಾಗದ ಹಗರಣದ ತೆಲಗಿ ಸೋಡಿಯಂ ಪೆಂಟಥಾಲ್‌ನ ಅಮಲಿನಲ್ಲಿ ತೊದಲಿದ್ದನ್ನು ಚಾನೆಲ್‌ಗಳು ಮನೆಮನೆಗೆ ತೋರಿಸಿದವು. ಹೊರ ರಾಜ್ಯಗಳ ಪೊಲೀಸರೂ ಆರೋಪಿಗಳನ್ನು ಬೆಂಗಳೂರಿಗೆ ಕರೆತರುತ್ತಿದ್ದರು. ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯ ಅಷ್ಟು ಹೆಸರು ಮಾಡಿತ್ತು. ಔಷಧಿಯ ಪ್ರಮಾಣ ನೋಡಿಕೊಳ್ಳುತ್ತಿದ್ದವರು ಅರಿವಳಿಕೆ ವೈದ್ಯರು. ಪಕ್ಕದಲ್ಲಿ ಕುಳಿತು ಪ್ರಶ್ನೆ ಕೇಳುತ್ತಿದ್ದವರು ನಮ್ಮವರು, ಮನಶ್ಶಾಸ್ತ್ರಜ್ಞರು. ಮಲಗಿದವನ ಒಪ್ಪಿಗೆ ಇಲ್ಲದೆ, ಅವನ ಎಚ್ಚರ ತಪ್ಪಿಸಿ, ಅವನ ಬಾಯಿಂದ ಅವನ ವಿರುದ್ಧವೇ ಮಾತು ತೆಗೆಸುವುದಕ್ಕೆ ನಮ್ಮ ವಿದ್ಯೆ ಬಳಕೆಯಾಯಿತು. ಇದನ್ನು ನಾನು ಇವತ್ತಿಗೂ ಒಪ್ಪಿಕೊಳ್ಳಲಾರೆ.

ಬ್ರೈನ್ ಮ್ಯಾಪಿಂಗ್ ಕತೆ ಇನ್ನೂ ಹತ್ತಿರದ್ದು. ತಲೆಗೆ ಎಲೆಕ್ಟ್ರೋಡ್ ಟೊಪ್ಪಿಗೆ ಹಾಕಿ, ಅಪರಾಧದ ವಿವರಗಳನ್ನು ಒಂದೊಂದೇ ವಾಕ್ಯವಾಗಿ ಕೇಳಿಸುತ್ತಾರೆ. ಆರೋಪಿ ಉತ್ತರ ಕೊಡಬೇಕಾಗಿಲ್ಲ. ಆ ಕೆಲಸವನ್ನು ತಾನೇ ಮಾಡಿದ ನೆನಪಿದ್ದರೆ ಮಿದುಳಿನ ಅಲೆಗಳು ಹೇಳುತ್ತವೆ ಎಂಬುದು ವಾದ. ಈ ವಿಧಾನವನ್ನು ರೂಪಿಸಿದ ಸಿ.ಆರ್. ಮುಕುಂದನ್ ನಿಮ್ಹಾನ್ಸ್‌ನಲ್ಲಿ ಕ್ಲಿನಿಕಲ್ ಸೈಕಾಲಜಿ ಪ್ರಾಧ್ಯಾಪಕರಾಗಿದ್ದವರು. 2008ರ ಜೂನ್‌ನಲ್ಲಿ ಪುಣೆಯ ಸೆಷನ್ಸ್ ನ್ಯಾಯಾಲಯ ಕೊಲೆ ಪ್ರಕರಣವೊಂದರಲ್ಲಿ ಇಂಥ ಪರೀಕ್ಷೆಯ ಫಲಿತಾಂಶವನ್ನೂ ನೆಚ್ಚಿ ಶಿಕ್ಷೆ ಕೊಟ್ಟಿತು. ಅದೇ ವರ್ಷ ನಿಮ್ಹಾನ್ಸ್‌ನ ಆಗಿನ ನಿರ್ದೇಶಕ ಡಿ. ನಾಗರಾಜ ಅವರ ನೇತೃತ್ವದ ಸಮಿತಿ, ಈ ಪರೀಕ್ಷೆಗಳಿಗೆ ಸಾಕಷ್ಟು ವೈಜ್ಞಾನಿಕ ಆಧಾರವಿಲ್ಲ, ಕೋರ್ಟಿನಲ್ಲಿ ಸಾಕ್ಷ್ಯವಾಗಿ ಬಳಸಬಾರದು ಎಂದಿತು. ತಮ್ಮ ಮನೆಯಿಂದಲೇ ಹೊರಟದ್ದನ್ನು ತಾವೇ ನಿಂತು ಬೇಡವೆಂದರು. ನಮ್ಮ ವೃತ್ತಿಯ ಬಗ್ಗೆ ನನಗೆ ಹೆಮ್ಮೆ ಇರುವುದು ಇಂಥ ಕಡೆ.

2010ರ ಮೇ 5ರಂದು ಸೆಲ್ವಿ ವಿರುದ್ಧ ಕರ್ನಾಟಕ ಸರ್ಕಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. ಬರೆದವರು ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್, ಜೊತೆಗಿದ್ದವರು ಆರ್.ವಿ. ರವೀಂದ್ರನ್ ಮತ್ತು ಜೆ.ಎಂ. ಪಾಂಚಾಲ್. ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಬ್ರೈನ್ ಮ್ಯಾಪಿಂಗ್ ಮೂರನ್ನೂ ಬಲವಂತವಾಗಿ ಯಾರ ಮೇಲೂ ಮಾಡುವಂತಿಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳದಿರುವ ಹಕ್ಕು ಸಂವಿಧಾನದ 20(3)ನೇ ವಿಧಿಯಲ್ಲಿದೆ, ಮನಸ್ಸಿನ ಖಾಸಗಿತನ 21ರೊಳಗೆ ಬರುತ್ತದೆ ಎಂದರು. ಒಪ್ಪಿಗೆ ಕೊಟ್ಟು ಮಾಡಿಸಿಕೊಂಡರೂ ಫಲಿತಾಂಶವೇ ನೇರವಾಗಿ ಸಾಕ್ಷ್ಯವಾಗುವುದಿಲ್ಲ. 2025ರ ಜೂನ್‌ನಲ್ಲಿ ಬಿಹಾರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಮತ್ತೆ ಹೇಳಬೇಕಾಗಿ ಬಂತು. ಸೆಲ್ವಿ ತೀರ್ಪನ್ನು ಪೂರ್ತಿ ಓದು ಚೇತನಾ, ಉದ್ದವಿದೆ ಎಂದು ಬಿಡಬೇಡ.

ಹಾಗಾದರೆ ನಮ್ಮ ಕೆಲಸ ಏನು? ಕೋರ್ಟಿನಿಂದ ಕಾಗದ ಬಂದಾಗ ನಾನು ಮೊದಲು ನನ್ನನ್ನೇ ಕೇಳಿಕೊಳ್ಳುವುದು, ಇವರು ಯಾವ ದಿನದ ಮನಸ್ಸಿನ ಬಗ್ಗೆ ಕೇಳುತ್ತಿದ್ದಾರೆ ಎಂದು. ಆರೋಪಿಗೆ ವಿಚಾರಣೆ ಅರ್ಥವಾಗುತ್ತದೆಯೇ, ವಕೀಲರಿಗೆ ತನ್ನ ಕಡೆಯ ಮಾತು ಹೇಳಬಲ್ಲನೇ ಎಂದು ಕೇಳಿದರೆ ಅದು ಇವತ್ತಿನ ಮನಸ್ಸು. ಎದುರು ಕೂರಿಸಿಕೊಂಡು ನೋಡಬಹುದು, ಧೈರ್ಯವಾಗಿ ಬರೆಯಬಹುದು. ಇಂಥವರನ್ನು ಮನೋವೈದ್ಯರ ಅಥವಾ ಕ್ಲಿನಿಕಲ್ ಸೈಕಾಲಜಿಸ್ಟರ ಬಳಿಗೆ ಕಳಿಸಬೇಕೆಂದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 2008ರ ತಿದ್ದುಪಡಿಯೇ ಹೇಳಿತ್ತು. ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಅದು ಉಳಿದಿದೆ. ಕೃತ್ಯ ನಡೆದಾಗ ತಾನೇನು ಮಾಡುತ್ತಿದ್ದೇನೆ ಎಂಬ ಅರಿವು ಅವನಿಗಿತ್ತೇ ಎಂಬುದು ಬೇರೆಯೇ ಪ್ರಶ್ನೆ. ಹಿಂದೆ ಐಪಿಸಿ 84, ಈಗ ನ್ಯಾಯ ಸಂಹಿತೆಯ 22ನೇ ಕಲಂ. ಅದು ಕಳೆದುಹೋದ ದಿನದ ಮನಸ್ಸು. ಹಳೆಯ ಆಸ್ಪತ್ರೆ ಚೀಟಿ, ಮನೆಯವರ ಮಾತು, ಆ ದಿನ ಅವನನ್ನು ಕಂಡವರ ಹೇಳಿಕೆ ಇಲ್ಲದೆ ಅದರ ಬಗ್ಗೆ ಅಕ್ಷರ ಬರೆಯಬೇಡ. ಮಂಪರು ಪರೀಕ್ಷೆಯವರು ಎಡವಿದ್ದೂ ಇಲ್ಲಿಯೇ. ಇವತ್ತಿನ ಮಿದುಳಿನಿಂದ ಆ ದಿನವನ್ನು ಹೊರತೆಗೆಯುತ್ತೇವೆ ಎಂದು ಹೊರಟರು.

ಬಾಲ ನ್ಯಾಯ ಮಂಡಳಿಯ ಕೆಲಸದಲ್ಲಿ ಈ ಕಷ್ಟ ಹೆಚ್ಚು. 2015ರ ಬಾಲ ನ್ಯಾಯ ಕಾಯ್ದೆಯ 15ನೇ ಸೆಕ್ಷನ್ ನಿನಗೆ ಗೊತ್ತಿದೆ. ಹದಿನಾರು ತುಂಬಿದ ಹುಡುಗನ ಮೇಲೆ ಘೋರ ಅಪರಾಧದ ಆರೋಪವಿದ್ದರೆ, ಆ ಕೃತ್ಯ ಎಸಗುವ ಮಾನಸಿಕ, ದೈಹಿಕ ಸಾಮರ್ಥ್ಯ, ಪರಿಣಾಮದ ತಿಳಿವಳಿಕೆ, ಸಂದರ್ಭ ಇವನ್ನು ಮಂಡಳಿ ಅಳೆಯಬೇಕು. ಆಮೇಲೆ ಅವನನ್ನು ವಯಸ್ಕನಂತೆ ವಿಚಾರಣೆಗೆ ಕಳಿಸುವುದೋ ಬೇಡವೋ ತೀರ್ಮಾನಿಸಬೇಕು. ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಅಥವಾ ಮನೋವೈದ್ಯಶಾಸ್ತ್ರ ಓದಿದವರು ಇಲ್ಲದಿದ್ದರೆ ಪರಿಣತರ ನೆರವು ಪಡೆಯಲೇಬೇಕು ಎಂದು 2022ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮೂರು ತಿಂಗಳೊಳಗೆ ಇದು ಮುಗಿಯಬೇಕೆಂದು ಕಾಯ್ದೆ ಹೇಳಿದರೂ ಆ ಗಡುವು ಕಡ್ಡಾಯವಲ್ಲ ಎಂದು 2024ರ ಮೇನಲ್ಲಿ ತೀರ್ಪಾದದ್ದು ನಮ್ಮ ಕರ್ನಾಟಕದ್ದೇ ಪ್ರಕರಣದಲ್ಲಿ. ಆತುರ ತಪ್ಪಿತು, ಒಳ್ಳೆಯದೇ. ಆದರೆ ತಡವಾದಷ್ಟೂ ನಾವು ನೋಡುವ ಹುಡುಗ ಆ ದಿನದ ಹುಡುಗನಾಗಿ ಉಳಿದಿರುವುದಿಲ್ಲ.

ಇಂಥ ಒಬ್ಬ ಹುಡುಗ ನೆನಪಾಗುತ್ತಾನೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ನಮ್ಮ ಕಡೆಯ ಶೆಡ್ಡೊಂದರಲ್ಲಿ ಲೇತ್ ಹೆಲ್ಪರ್ ಆಗಿದ್ದವನು. ಉಗುರಿನ ಸಂದಿಯಲ್ಲಿ ಎಣ್ಣೆಯ ಕಪ್ಪು ಇನ್ನೂ ಹೋಗಿರಲಿಲ್ಲ. ಕೂತ ತಕ್ಷಣ, "ನಿಮ್ಮನ್ನೂ ಪೊಲೀಸ್ರೇ ಕಳ್ಸಿದ್ದಾ ಮೇಡಂ?" ಎಂದ. ಇಲ್ಲ, ಮಂಡಳಿ ಕಳಿಸಿದ್ದು ಎಂದೆ. ಆಸ್ಪತ್ರೆಯಲ್ಲಿ ನಾವು ಹೇಳುವ ಹಾಗೆ, ನೀನು ಹೇಳಿದ್ದು ನಮ್ಮಿಬ್ಬರಲ್ಲೇ ಇರುತ್ತದೆ ಎಂದು ಅವನಿಗೆ ಹೇಳುವಂತಿರಲಿಲ್ಲ. ನೀನು ಹೇಳಿದ್ದನ್ನು ನಾನು ಬರೆದು ಕೊಡಬೇಕಾಗುತ್ತೆ ಕಣಪ್ಪ ಎಂದೆ. "ಹಂಗಾದ್ರೆ ಏನೂ ಹೇಳ್ಬಾರ್ದಾ?" ಎಂದು ಕೇಳಿದ. ಕೃತ್ಯ ನೀನು ಮಾಡಿದೆಯಾ ಇಲ್ಲವಾ ಎಂದು ನಾನು ಕೇಳುವುದೇ ಇಲ್ಲ ಎಂದ ಮೇಲೆ ಅವನ ಭುಜ ಇಳಿಯಿತು. ಅದು ಕೇಳಬಾರದ ಪ್ರಶ್ನೆಯೇ. ಈ ಮೌಲ್ಯಮಾಪನ ವಿಚಾರಣೆಯಲ್ಲ ಎಂದು ಕಾಯ್ದೆಯ ವಿವರಣೆಯಲ್ಲೇ ಇದೆ.

ಬಿನೆ-ಕಾಮತ್ ಪರೀಕ್ಷೆ ತೆಗೆದೆ. ವಿ.ವಿ. ಕಾಮತರು 1930ರ ದಶಕದಲ್ಲಿ ಕನ್ನಡ, ಮರಾಠಿ ಮಕ್ಕಳಿಗೆಂದು ಒಗ್ಗಿಸಿದ್ದನ್ನು ಇವತ್ತಿಗೂ ಬಳಸುತ್ತಿದ್ದೇವೆ. ನಮಗೆ ಹೊಸ ಸಲಕರಣೆ ಬೇಕು ಎಂದು ನೀನಾದರೂ ಗಟ್ಟಿಯಾಗಿ ಕೇಳು. ಅಂಕಗಳು ಬಂದವು. ಆದರೆ ಆ ಅಂಕದಲ್ಲಿ, ಹನ್ನೆರಡು ತಾಸಿನ ಶಿಫ್ಟು, ಕುಡಿದು ಬರುವ ಅಪ್ಪ, ರೂಮಿನಲ್ಲಿ ಜೊತೆಗಿದ್ದ ದೊಡ್ಡ ಹುಡುಗರಿಗೆ ಇಲ್ಲ ಎನ್ನಲಾರದ ಅಂಜಿಕೆ ಯಾವುದೂ ಇರಲಿಲ್ಲ. ಬುದ್ಧಿ ಸರಿಯಿದೆ, ಆದ್ದರಿಂದ ಅಪರಾಧದ ಸಾಮರ್ಥ್ಯವಿದೆ ಎಂದು ಎರಡು ಸಾಲಿನಲ್ಲಿ ಮುಗಿಸುವ ವರದಿಗಳನ್ನು ನಾನು ಕಂಡಿದ್ದೇನೆ. ಅಂಥ ವರದಿ ಒಂದು ಮಗುವಿನ ಇಡೀ ಬಾಳನ್ನು ತಪ್ಪು ಕಡೆಗೆ ತಿರುಗಿಸಬಲ್ಲದು. ಸಂದರ್ಭ ಎಂದು ಕಾಯ್ದೆ ಬರೆದಿರುವುದು ನಾವು ಪುಟಗಟ್ಟಲೆ ಬರೆಯಲೆಂದೇ.

ಇನ್ನು ಸಾಕ್ಷಿ ಹೇಳುವ ಮಕ್ಕಳ ವಿಷಯ. ಅದಕ್ಕೆ ಪೀಣ್ಯದ ಒಂದು ಪ್ರಕರಣ ಹೇಳುತ್ತೇನೆ. ಮಾಕಳಿಯಿಂದ ಇದೇ ತುಮಕೂರು ರಸ್ತೆ ಹಿಡಿದರೆ ಪೀಣ್ಯ. 1998ರ ಫೆಬ್ರವರಿ 28ರಂದು ಅಲ್ಲಿ ಒಬ್ಬ ಹೆಣ್ಣುಮಗಳ ಮೇಲೆ ಅತ್ಯಾಚಾರವಾಗಿ ಕೊಲೆಯಾಯಿತು. ಆರೋಪಿ, ಪೊಲೀಸ್ ಕೆಲಸದಲ್ಲಿದ್ದು ವಜಾ ಆಗಿದ್ದ ಉಮೇಶ್ ರೆಡ್ಡಿ. ಆಟ ಮುಗಿಸಿ ಮನೆಗೆ ಬಂದ ಆಕೆಯ ಪುಟ್ಟ ಮಗ ಅವನನ್ನು ಮನೆಯೊಳಗೇ ಕಂಡ. ಆ ಮಗುವಿನ ಸಾಕ್ಷ್ಯವೇ ಮುಂದೆ ಮುಖ್ಯವಾಯಿತು. ತಾಯಿಯನ್ನು ಆ ಸ್ಥಿತಿಯಲ್ಲಿ ಕಂಡ ಏಳು ವರ್ಷದ ಆಸುಪಾಸಿನ ಮಗು ಅದನ್ನು ಕೋರ್ಟಿನಲ್ಲಿ ಮತ್ತೆ ಹೇಳಬೇಕು. ಅದನ್ನು ನೆನೆದಾಗೆಲ್ಲ ನನಗೆ ಸಂಕಟವಾಗುತ್ತದೆ. ಲೈಂಗಿಕ ದೌರ್ಜನ್ಯಕ್ಕೆ ಸಿಕ್ಕ ಮಕ್ಕಳಿಗೆ ಪೋಕ್ಸೊ ಕಾಯ್ದೆ ಬಂದದ್ದು 2012ರಲ್ಲಿ. ಮಗು ಆರೋಪಿಯ ಮುಖ ನೋಡದಂತೆ ನೋಡಿಕೊಳ್ಳಬೇಕು, ವಕೀಲರ ಪ್ರಶ್ನೆ ನ್ಯಾಯಾಧೀಶರ ಮೂಲಕವೇ ಮಗುವನ್ನು ತಲುಪಬೇಕು ಎಂದಿದೆ. ದುರ್ಬಲ ಸಾಕ್ಷಿಗಳಿಗೆಲ್ಲ ಪ್ರತ್ಯೇಕ ಕೇಂದ್ರಗಳಿರಬೇಕೆಂದು ಸುಪ್ರೀಂ ಕೋರ್ಟ್ ದೇಶದ ಹೈಕೋರ್ಟುಗಳಿಗೆ ಹೇಳಿದ್ದು 2022ರ ಜನವರಿಯಲ್ಲಿ.

ಇಲ್ಲಿ ನಿನ್ನ ಕೆಲಸ ಮಗುವಿನ ಬಾಯಲ್ಲಿ ಮಾತು ಇಡದಿರುವುದು. ಎಲಿಜಬೆತ್ ಲಾಫ್ಟಸ್ 1974ರಲ್ಲಿ ಮಾಡಿದ ಪ್ರಯೋಗ ನಿನ್ನ ಪಠ್ಯದಲ್ಲಿದೆ. ಕಾರು ಅಪಘಾತದ ಒಂದೇ ಚಿತ್ರ ನೋಡಿದವರಲ್ಲಿ ಕೆಲವರನ್ನು ಕಾರುಗಳು ಅಪ್ಪಳಿಸಿದಾಗ ವೇಗ ಎಷ್ಟಿತ್ತು ಎಂದೂ, ಕೆಲವರನ್ನು ಗುದ್ದಿದಾಗ ಎಷ್ಟಿತ್ತು ಎಂದೂ ಕೇಳಿದರು. ವಾರದ ನಂತರ ಒಡೆದ ಗಾಜು ಕಂಡಿರಾ ಎಂದಾಗ ಮೊದಲ ಗುಂಪಿನ 50 ಜನರಲ್ಲಿ 16 ಮಂದಿ, ಎರಡನೆಯ ಗುಂಪಿನ 50ರಲ್ಲಿ 7 ಮಂದಿ ಹೌದೆಂದರು. ಚಿತ್ರದಲ್ಲಿ ಗಾಜೇ ಇರಲಿಲ್ಲ. ದೊಡ್ಡವರದೇ ಹೀಗಾದರೆ ಮಕ್ಕಳ ಪಾಡೇನು? ಆ ಮಾಮ ಇಲ್ಲಿ ಮುಟ್ಟಿದನಾ ಎಂದು ಎಂದೂ ಕೇಳಬೇಡ. ಆಮೇಲೆ ಏನಾಯ್ತು ಪುಟ್ಟಾ ಎಂದು ಕೇಳಿ ಸುಮ್ಮನೆ ಕಾಯಿ. ಮಗು ಬಣ್ಣದ ಸೀಸಕಡ್ಡಿ ಉರುಳಿಸುತ್ತಾ ಹತ್ತು ನಿಮಿಷ ಮಾತಾಡದಿದ್ದರೂ ಕಾಯಿ. ನೀನು ತೂರಿಸಿದ ಒಂದು ಪದ ಸಾಕು, ಪಾಟಿ ಸವಾಲಿನಲ್ಲಿ ಇಡೀ ಹೇಳಿಕೆಯನ್ನೇ ಹೇಳಿಕೊಟ್ಟದ್ದು ಎಂದುಬಿಡುತ್ತಾರೆ. ಆಗ ನಷ್ಟ ಮಗುವಿಗೆ.

ಪೀಣ್ಯದ ಆ ಪ್ರಕರಣಕ್ಕೆ ಇನ್ನೊಂದು ತುದಿಯಿದೆ. ಉಮೇಶ್ ರೆಡ್ಡಿಗೆ 2006ರಲ್ಲಿ ಮರಣದಂಡನೆಯಾಯಿತು, 2011ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಅವನನ್ನು ಸುಮಾರು ಹತ್ತು ವರ್ಷ ಒಂಟಿ ಸೆರೆಯಲ್ಲಿಟ್ಟಿದ್ದರು. ಅದು ಕಾನೂನುಬಾಹಿರ, ಅವನ ಆರೋಗ್ಯದ ಮೇಲೆ ಕೆಟ್ಟ ಪರಿಣಾಮವಾಗಿದೆ ಎಂದು 2022ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ಗಲ್ಲನ್ನು ಕನಿಷ್ಠ 30 ವರ್ಷದ ಜೀವಾವಧಿಗೆ ಇಳಿಸಿತು. ಅಕ್ಕ ಆ ಸುದ್ದಿ ಓದಿ, ಅಂಥವನಿಗೂ ಮನಸ್ಸು, ಆರೋಗ್ಯ ಅಂತ ನೋಡಬೇಕಾ ಎಂದು ನನ್ನ ಮೇಲೆ ರೇಗಿದ್ದು ನಿನಗೂ ನೆನಪಿರಬೇಕು. ನಿನ್ನ ಅಮ್ಮನ ಸಿಟ್ಟು ನ್ಯಾಯವಾದದ್ದೇ. ಸತ್ತವಳ ಕಡೆಯಿಂದ ನೋಡಿದವರಿಗೆ ಹಾಗನ್ನಿಸದಿದ್ದರೆ ಆಶ್ಚರ್ಯ. ಆದರೂ ನಾನು ಹೌದು, ನೋಡಬೇಕು ಎಂದೆ, ಈಗಲೂ ಅದನ್ನೇ ಹೇಳುತ್ತೇನೆ. ಕೋರ್ಟು ಕೊಟ್ಟ ಶಿಕ್ಷೆಯಲ್ಲಿ ಒಂಟಿ ಸೆರೆ ಇರಲಿಲ್ಲ. ಕೊಡದ ಶಿಕ್ಷೆಯನ್ನು ಯಾರ ಮೇಲೂ ಹೇರುವಂತಿಲ್ಲ. ಅದು ಮನುಷ್ಯನ ಮನಸ್ಸಿಗೆ ಏನು ಮಾಡುತ್ತದೆ ಎಂದು ತಿಳಿದಿರುವ ನಾವು ಬಾಯಿ ಮುಚ್ಚಿಕೊಂಡರೆ ಬೇರೆ ಯಾರು ಹೇಳುತ್ತಾರೆ?

ಅದೇ 2022ರ ಮೇ 20ರಂದು ಮನೋಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನೂ ಗುರುತು ಹಾಕಿಕೋ. ಗಲ್ಲು ಶಿಕ್ಷೆ ಆಗಬಹುದಾದ ಪ್ರಕರಣಗಳಲ್ಲಿ ಆರೋಪಿಯ ಮಾನಸಿಕ ಮೌಲ್ಯಮಾಪನದ ವರದಿಯನ್ನು ವಿಚಾರಣಾ ಹಂತದಲ್ಲೇ ತರಬೇಕು, ಜೈಲಿನಲ್ಲಿ ಅವನ ನಡತೆ ಹೇಗಿದೆ ನೋಡಬೇಕು ಎಂದರು. ಈ ಮನುಷ್ಯ ಸುಧಾರಿಸಬಲ್ಲನೇ ಎಂಬುದು ಮುಂದಿನ ದಿನಗಳ ಮನಸ್ಸು. ಖಚಿತವಾಗಿ ಹೇಳಬಲ್ಲವರು ಯಾರೂ ಇಲ್ಲ. ಅವನು ಬೆಳೆದ ಮನೆ, ತಿಂದ ಏಟು, ತಲೆಗೆ ಬಿದ್ದ ಪೆಟ್ಟು, ಜೈಲಿನಲ್ಲಿ ಕಲಿತ ಅಕ್ಷರ ಎಲ್ಲವನ್ನೂ ಕಂಡಷ್ಟು ಬರೆದು ನ್ಯಾಯಾಧೀಶರ ಮುಂದಿಡಬಹುದು. ತೂಗುವವರು ಅವರು.

ಒಂದು ಮಾತು ಮಾತ್ರ ಮರೆಯಬೇಡ. ಕರೆಸಿದ್ದು ಸರ್ಕಾರಿ ವಕೀಲರಾದರೂ, ಆರೋಪಿ ಪರ ವಕೀಲರಾದರೂ ವರದಿ ಒಂದೇ ಆಗಿರಬೇಕು. ವರದಿಯಲ್ಲಿ ನೋಡಿದ್ದು ಬೇರೆ, ಊಹಿಸಿದ್ದು ಬೇರೆ ಎಂದು ವಿಂಗಡಿಸಿ ಬರೆ. ಕಟಕಟೆಯಲ್ಲಿ ವಕೀಲರು, ಹೌದು ಅಥವಾ ಇಲ್ಲ ಅಷ್ಟೇ ಹೇಳಿ ಎಂದು ಗದರುತ್ತಾರೆ. ಹೌದು, ಇಲ್ಲ ಎರಡೂ ಸರಿಯಾಗದಿದ್ದರೆ ನ್ಯಾಯಾಧೀಶರ ಕಡೆ ತಿರುಗಿ, ಸ್ವಾಮಿ, ಇಷ್ಟು ಮಾತ್ರ ನನ್ನ ಪರೀಕ್ಷೆಯಿಂದ ಹೇಳಬಹುದು, ಅದರಾಚೆಗೆ ಹೇಳಲಾರೆ ಎನ್ನು. ಅದನ್ನು ಹೇಳಲು ಹೆದರುವವರು ಈ ಕೆಲಸಕ್ಕೆ ಬರಬಾರದು. ನಿನಗೆ ಆ ಧೈರ್ಯವಿದೆ. ಬೇಡ ಎನ್ನಬೇಡ. ಕೋರ್ಸು ಮುಗಿಸಿ ಮಾಕಳಿಗೆ ಬಾ, ಮಂಡಳಿಯ ಮೊದಲ ಕೇಸಿಗೆ ಇಬ್ಬರೂ ಕೂಡಿಯೇ ಹೋಗೋಣ.

ಅಕ್ಕನಿಗೂ ಭಾವನವರಿಗೂ ನನ್ನ ನೆನಪು ತಿಳಿಸು.

ನಿನ್ನ ಪ್ರೀತಿಯ
ಚಿಕ್ಕಮ್ಮ