ಎಡಭುಜದ ಮೆತ್ತೆ

ತುರುವನೂರು ಕಡೆ ಪೌರಾಣಿಕ ನಾಟಕ ಕಟ್ಟುವವರು ಮೊದಲು ಪೇಟಿ ಮೇಷ್ಟ್ರನ್ನು ಗೊತ್ತುಮಾಡುತ್ತಾರೆ, ಆಮೇಲೆ ಪಾತ್ರಗಳಿಗೆ ದುಡ್ಡು ಹಾಕುತ್ತಾರೆ, ಕೊನೆಗೆ ಡ್ರೆಸ್ಸು-ಸೀನರಿಯವರಿಗೆ ಮುಂಗಡ ಕೊಡುತ್ತಾರೆ. ನಾಟಕದ ದಿನ ಸಂಜೆ ಟ್ರಂಕುಗಳು ಬಂದಿಳಿಯುತ್ತವೆ. ಅದರೊಳಗಿನ ಕಿರೀಟ, ಎದೆಕವಚ, ಭುಜಕೀರ್ತಿಗಳೆಲ್ಲ ನಿನ್ನೆ ಇನ್ಯಾವುದೋ ಊರಿನ ದುರ್ಯೋಧನನ ಮೈಮೇಲಿದ್ದವು; ಬೆವರು ಇನ್ನೂ ಆರಿರುವುದಿಲ್ಲ. ಯಾರಿಗೂ ಸರಿಯಾಗಿ ಕೂರದ, ಆದರೆ ಎಲ್ಲರಿಗೂ ಹೇಗೋ ಆಗುವ ಅಳತೆ. ಒಂದು ರಾತ್ರಿಗೆ ಸಾಕು.

ದೊಡ್ಡಪ್ಪನಿಗೆ ಮಾತ್ರ ಸಾಲಲಿಲ್ಲ. ಹಿಂದಿನ ವರ್ಷ ಲಕ್ವ ಹೊಡೆದು ಅವನ ಎಡಗೈ ಸೋತಿತ್ತು, ಎಡಭುಜ ಎರಡು ಬೆರಳಷ್ಟು ಇಳಿದಿತ್ತು. ಮಾತು, ಕಂದ ಎರಡೂ ಮೊದಲಿನಂತೆಯೇ ಇದ್ದವು. ಇಪ್ಪತ್ತು ವರ್ಷದಿಂದ ಕರ್ಣನ ಪಾತ್ರ ಅವನದೇ. ಊರವರು ಬಾಯಿಬಿಟ್ಟು ಹೇಳದಿದ್ದರೂ ಈ ಸಲ ಬೇರೆ ಹುಡುಗನನ್ನು ನೋಡಿಕೊಂಡಿದ್ದರು. "ಬಾಡಿಗೆ ಭುಜಕೀರ್ತಿ ಕಟ್ಕೊಂಡು ನಿಂತ್ರೆ ಜನ ಕರ್ಣನ್ನ ನೋಡಲ್ಲ ಕಣೋ, ನನ್ನ ಭುಜ ನೋಡ್ತಾರೆ" ಅಂದ.

ಪೂರ್ತಿ ತಯಾರಾದ ಸೆಟ್ಟು ಕೊಳ್ಳುವ ಶಕ್ತಿ ನಮಗಿರಲಿಲ್ಲ. ಬಯಲಾಟದ ಸಾಮಾನು ಮಾಡುವ ಆಚಾರ್ರೊಬ್ಬರು "ಮರದ ಕೆಲಸ ಮುಗಿಸಿ ಕೊಡ್ತೀನಿ, ಮುಂದಿಂದು ನೀವೇ ನೋಡ್ಕಳಿ" ಅಂದರು. ಬೆಲೆ ಅರ್ಧಕ್ಕಿಂತ ಕಡಿಮೆ. ಹಾಗೆ ಎರಡು ಭುಜಕೀರ್ತಿ, ಒಂದು ಎದೆಕವಚ ಗೋಣಿಚೀಲದಲ್ಲಿ ಮನೆಗೆ ಬಂದವು. ಹಗುರವಾದ ಬೂರಗದ ಮರ, ಬಳ್ಳಿ, ಹೂವು ಕೆತ್ತಿದ್ದರು, ಬಣ್ಣವಿಲ್ಲ, ಹೊಳಪಿಲ್ಲ. ನೋಡಿದರೆ ಕವಚಕ್ಕಿಂತ ಹೆಚ್ಚಾಗಿ ಮುರಿದ ತೊಟ್ಟಿಲಿನ ನೆನಪಾಗುತ್ತಿತ್ತು. (1939ರ ಅರಣ್ಯ ಸತ್ಯಾಗ್ರಹದಲ್ಲಿ ಈಚಲು ಮರ ಕಡಿದು ಚರಿತ್ರೆಗೆ ಸೇರಿದ ಊರು ನಮ್ಮದು. ಮರ ಕೆತ್ತಿದವರನ್ನು ಯಾವ ಚರಿತ್ರೆಯೂ ಬರೆದುಕೊಂಡ ಹಾಗಿಲ್ಲ.)

ಉಪ್ಪುಕಾಗದ ಹಾಕಿ ಉಜ್ಜುವುದಕ್ಕೇ ಎರಡು ಭಾನುವಾರ ಹಿಡಿಯಿತು. ಅಂಟಿನ ಹೊಣೆ ದೊಡ್ಡಮ್ಮನದು. ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ ರುಬ್ಬಿ, ಸಣ್ಣ ಉರಿಯಲ್ಲಿ ಕುದಿಸಿ, ಹುಳ ಹಿಡಿಯದಿರಲಿ ಎಂದು ಚಿಟಿಕೆ ಮೈಲುತುತ್ತ ಸೇರಿಸಿದಳು. ಕೊಪ್ಪಳದ ಕಿನ್ನಾಳದಲ್ಲಿ ಗೊಂಬೆ ಮಾಡುವವರೂ ಮರದ ಹೊಟ್ಟಿಗೆ ಕಲಸುವುದು ಇದೇ ಅಂಟನ್ನು. ಅಂಗಡಿಯ ಗಮ್ಮು ಬೇಗ ಹಿಡಿಯುತ್ತದೆ, ನಿಜ. ಆದರೆ ಬೇಗಡೆ ಸೊಟ್ಟಗೆ ಕೂತರೆ ಎಬ್ಬಿಸಿ ಮತ್ತೆ ಕೂರಿಸುವಷ್ಟು ಹೊತ್ತು ಕೊಡುವುದಿಲ್ಲ. ಬೇಗಡೆಯನ್ನು ಅಂಟಿಸಿದ ಮೇಲೆ ಹತ್ತಿಯ ಉಂಡೆಯಿಂದ ಒತ್ತುತ್ತ ಹೋಗಬೇಕು. ಒತ್ತಿದ ಕಡೆಯಲ್ಲೆಲ್ಲ ಒಳಗಿನ ಕೆತ್ತನೆ ಮೇಲೆದ್ದು ಬರುತ್ತದೆ. ಆಚಾರ್ರು ಎಷ್ಟು ಆಳ ತೋಡಿದ್ದಾರೆಂದು ನನಗೆ ಗೊತ್ತಾಗಿದ್ದು ಆಗಲೇ.

ಯುರೋಪಿನಲ್ಲೂ ಕಬ್ಬಿಣ ಬಡಿದು ರೂಪ ಕೊಡುವವನೇ ಬೇರೆ, ಉಜ್ಜಿ ಹೊಳಪು ಕೊಡುವವನೇ ಬೇರೆಯಾಗಿದ್ದರಂತೆ. ಉಜ್ಜದೆ ಕಪ್ಪಗೇ ಬಿಟ್ಟ ಕವಚ ಅಗ್ಗಕ್ಕೆ ಸಿಗುತ್ತಿತ್ತು, ಸಾಮಾನ್ಯ ಸೈನಿಕರ ಪಾಲಿಗೆ ಅದೇ ಬರುತ್ತಿತ್ತು. ಬಡವನ ಕವಚ ಎಲ್ಲ ಕಡೆಯೂ ಅರ್ಧಕ್ಕೇ ನಿಲ್ಲುತ್ತದೆ.

ನಮ್ಮ ಮುಖ್ಯ ಕೆಲಸವಿದ್ದದ್ದು ಹೊಳಪಿನಲ್ಲಲ್ಲ, ಒಳಮೈಯಲ್ಲಿ. ಎಡಗಡೆಯ ಭುಜಕೀರ್ತಿಯ ಕೆಳಗೆ ಹಳೆ ಸೀರೆ ಮಡಿಚಿ, ಹತ್ತಿ ತುಂಬಿ, ದಬ್ಬಳದಲ್ಲಿ ಹೊಲಿದು ದೊಡ್ಡಮ್ಮ ಮೆತ್ತೆ ಮಾಡಿದಳು. ದೊಡ್ಡಪ್ಪನನ್ನು ಸ್ಟೂಲಿನ ಮೇಲೆ ಕೂರಿಸಿ ಇಟ್ಟು ನೋಡುವುದು, ದೂರ ಹೋಗಿ ನೋಡುವುದು, ಬಿಚ್ಚಿ ಇನ್ನೊಂದು ಹಿಡಿ ಹತ್ತಿ ತುರುಕುವುದು. ನಾಲ್ಕನೇ ಸಲಕ್ಕೆ ಎರಡು ಭುಜವೂ ಸಮನಾಗಿ ಕಂಡವು. ಭಾರ ಸೋತ ಭುಜದ ಮೇಲೆ ಬೀಳದಂತೆ ಲಾಡಿಗಳನ್ನು ಬೆನ್ನ ಮೇಲೆ ಅಡ್ಡಹಾಯಿಸಿ ಸೊಂಟಪಟ್ಟಿಗೆ ಕಟ್ಟಿದೆವು.

ಇನ್ನೊಂದು ತೊಡಕಿತ್ತು. ಕರ್ಣ ಕವಚ ತೊಟ್ಟೇ ಹುಟ್ಟಿದವನು. ಇಂದ್ರ ಬ್ರಾಹ್ಮಣನ ವೇಷದಲ್ಲಿ ಬಂದು ಬೇಡಿದಾಗ ಮೈಯಿಂದ ಕೊಯ್ದು ಕೊಟ್ಟವನು. ವೈಕರ್ತನ ಎಂಬ ಹೆಸರಿಗೆ ಆ ಅರ್ಥವನ್ನೂ ಹೇಳುತ್ತಾರೆ. ರಂಗದ ಮೇಲೆ ದೊಡ್ಡಪ್ಪ ಅದನ್ನು ಒಂದೇ ಕೈಯಲ್ಲಿ ತೆಗೆಯಬೇಕು. ಬಾಡಿಗೆ ಕವಚದ ಗಂಟು ಇರುವುದು ಬೆನ್ನ ಹಿಂದೆ. ನಮ್ಮದರಲ್ಲಿ ಇನ್ನೂ ತೂತೇ ಕೊರೆದಿರಲಿಲ್ಲವಾದ್ದರಿಂದ ಬೈರಿಗೆ ಹಿಡಿದು ಬಲಪಕ್ಕೆಯಲ್ಲಿ ಕೊರೆದೆವು. ಒಂದೆಳೆ ಜಗ್ಗಿದರೆ ಬಿಚ್ಚುವ ಸರಗಂಟು ಹಾಕಿದೆವು. ತಿಂಗಳಿಡೀ ಹಟ್ಟಿಯ ಮುಂದೆ ಅವನು ಅಭ್ಯಾಸ ಮಾಡಿದ್ದು ಮಾತನ್ನಲ್ಲ, ಆ ಗಂಟನ್ನು.

ನಾಟಕದ ರಾತ್ರಿ ಗಂಟು ಮೊದಲ ಜಗ್ಗಿಗೇ ಬಿಚ್ಚಿತು. ಎದೆಕವಚ ಬಲಗೈಗೆ ಬಂತು, ಇಂದ್ರನಿಗೆ ಕೊಟ್ಟ. ಭುಜಕೀರ್ತಿ ಹಾಗೇ ನಿಂತಿತ್ತು. ಮುಂದೆ ಕೂತಿದ್ದ ಮುದುಕರು ಒನ್ಸ್‌ಮೋರ್ ಅಂದರು. ಪೇಟಿ ಮೇಷ್ಟ್ರು ನಕ್ಕು, ಕವಚ ದಾನಕ್ಕೆ ಒನ್ಸ್‌ಮೋರ್ ಇಲ್ಲ ಎಂದರು.

ದೊಡ್ಡಪ್ಪ ಹೋಗಿ ಈಗ ಎರಡು ವರ್ಷ. ಸಾಮಾನೆಲ್ಲ ಅಟ್ಟದ ಮೇಲಿವೆ. ಈ ಸಲ ಕರ್ಣ ಮಾಡುವ ಹುಡುಗ ಬಂದು ಕೇಳಿದ. ಕೊಡಲ್ಲ ಅಂತ ದೊಡ್ಡಮ್ಮ ಹೇಳಲಿಲ್ಲ. ಅವನಿಗೆ ಎರಡು ಭುಜವೂ ನೆಟ್ಟಗಿವೆ, ಎಡಗಡೆ ಮೆತ್ತೆ ಬಿಚ್ಚಬೇಕು. "ದಬ್ಬಳ ಎಲ್ಲಿಟ್ಟಿದೀನೋ, ಹುಡುಕಿ ಬಿಚ್ಚಿಡ್ತೀನಿ, ಬಾರಪ್ಪ" ಅಂದಿದ್ದಾಳೆ. ದಬ್ಬಳ ಅಡುಗೆಮನೆಯ ಗೂಡಿನಲ್ಲಿ, ಎಲ್ಲರಿಗೂ ಕಾಣುವ ಹಾಗೇ ಇದೆ.