ಹರಿಗೋಲೂ ಗುಳಿಗೆಯೂ

ನಮ್ಮ ದೇಶದಲ್ಲಿ ಪುಕ್ಕಟೆಯಾಗಿ ದೊರೆಯುವ ವಸ್ತುಗಳಲ್ಲಿ ಮೊದಲನೆಯದು ವೈದ್ಯಸಲಹೆ. ನೆಗಡಿಯಾದವನು ಬೀದಿಯ ಈ ತುದಿಯಿಂದ ಆ ತುದಿಗೆ ನಡೆದರೆ ಸಾಕು, ನಾಲ್ಕು ಬಗೆಯ ಚಿಕಿತ್ಸೆಗಳನ್ನು ಹೊತ್ತು ಹಿಂದಿರುಗುತ್ತಾನೆ. ಮೊದಲು ಶುಂಠಿ, ಮೆಣಸು, ತುಳಸಿಗಳಲ್ಲಿ ಮುಗಿಯುತ್ತಿದ್ದ ಈ ಉಪಕಾರಬುದ್ಧಿ ಈಗ ಆಂಟಿಬಯಾಟಿಕ್ ಗುಳಿಗೆಗಳವರೆಗೂ ಬೆಳೆದಿದೆ. "ನಮ್ಮ ಯಜಮಾನರಿಗೆ ಬರೆದುಕೊಟ್ಟದ್ದರಲ್ಲಿ ಇನ್ನೂ ನಾಲ್ಕು ಉಳಿದಿವೆ, ತೆಗೆದುಕೊಳ್ಳಿ" ಎನ್ನುವ ಪುಣ್ಯಾತ್ಮರು ಯಾವ ಬಡಾವಣೆಯಲ್ಲಿಲ್ಲ?

ನನ್ನ ಅತ್ತಿಗೆಯವರು ಇಂಥ ಉಪಕಾರಿಗಳ ಮಾತಿನಂತೆ ನೆಗಡಿಗೂ ಕೆಮ್ಮಿಗೂ ಆ ಗುಳಿಗೆಗಳನ್ನು ನುಂಗುತ್ತ ಬಂದವರು. ಒಮ್ಮೆ ಅವರಿಗೆ ಮೂತ್ರದ ಸೋಂಕು ತಗಲಿ ಚಳಿಜ್ವರ ಏರಿತು. ಹಿಂದೆ ಎರಡೇ ದಿನದಲ್ಲಿ ಗುಣ ಕೊಟ್ಟಿದ್ದ ಔಷಧ ಈ ಸಲ ಐದು ದಿನವಾದರೂ ಏನನ್ನೂ ಮಾಡಲಿಲ್ಲ. ಆಸ್ಪತ್ರೆಗೆ ಸೇರಿಸಬೇಕಾಯಿತು. ಕ್ರಿಮಿಗಳನ್ನು ಬೆಳೆಸಿ ಪರೀಕ್ಷಿಸಿದ ವರದಿ ಬರುವವರೆಗೆ ಅಣ್ಣ ಮೊಗಸಾಲೆಯಲ್ಲಿ ಶತಪಥ ಹಾಕಿದ. ವರದಿಯಲ್ಲಿ ಔಷಧಗಳ ಹೆಸರು ಸಾಲುಗಟ್ಟಿ ನಿಂತಿದ್ದುವು. ಬಹುಪಾಲಿನ ಮುಂದೆ, ಇದು ನಾಟದು ಎಂಬ ಗುರುತು. ಉಳಿದ ಒಂದೆರಡರಲ್ಲಿ ಒಂದು ಚುಚ್ಚುಮದ್ದು ಜೀವ ಉಳಿಸಿತು.

"ಔಷಧವೂ ಅದೇ, ರೋಗವೂ ಅದೇ, ಕ್ರಿಮಿ ಹೇಗೆ ಬದುಕಿತು?" ಎಂದು ವೈದ್ಯರನ್ನು ಕೇಳಿದೆ. ಅವರು ಹಲವು ಕಾರಣಗಳನ್ನು ಹೇಳಿದರು. ಅವುಗಳಲ್ಲಿ ಒಂದು ನನ್ನ ಮನಸ್ಸಿನಲ್ಲಿ ನಿಂತಿತು: ಕೆಲವು ಬ್ಯಾಕ್ಟೀರಿಯಗಳು ಒಳಗೆ ಬಂದ ಔಷಧವನ್ನು ಪಂಪು ಮಾಡಿ ಹೊರಗೆ ಚೆಲ್ಲಿಬಿಡುತ್ತವೆ!

ಈ ಮಾತು ನನಗೆ ಕಣ್ಣಿಗೆ ಕಟ್ಟಿದಂತಾದುದು ಗೋಪಿನಾಥಂ ಕಡೆಗೆ ಹೋದಾಗ. ಮಲೆಮಹದೇಶ್ವರ ಬೆಟ್ಟದಾಚೆ, ಹನೂರು ತಾಲ್ಲೂಕಿನ ಕಾಡಿನ ಅಂಚಿನಲ್ಲಿರುವ ಆ ಊರಿನ ಹೆಸರು ಒಂದು ಕಾಲಕ್ಕೆ ವೀರಪ್ಪನ್ನನ ಹೆಸರಿನೊಡನೆಯೇ ಪತ್ರಿಕೆಗಳಲ್ಲಿ ಅಚ್ಚಾಗುತ್ತಿತ್ತು. ಈಗ ಹೊಗೆನಕಲ್ ಜಲಪಾತ ನೋಡುವ ಆಸೆಯಿಂದ ಹೋಗುವವರು ಭಯವಿಲ್ಲದೆ ಅದನ್ನು ಹಾದುಹೋಗುತ್ತಾರೆ. ಕಾವೇರಿಯಲ್ಲಿ ನಾವು ಕುಳಿತ ಹರಿಗೋಲಿಗೆ ಎಲ್ಲಿಂದಲೋ ನೀರು ಜಿನುಗುತ್ತಿತ್ತು. ಅಂಬಿಗ ಒಂದು ಡಬ್ಬಿಯಿಂದ ಅದನ್ನು ಮೊಗೆದು ಮೊಗೆದು ಚೆಲ್ಲುತ್ತಿದ್ದ. "ದಿನವೆಲ್ಲ ಹೀಗೆಯೇ ಮೊಗೆಯುತ್ತೀಯೇನಪ್ಪ?" ಎಂದೆ.

"ನೀರೇ ಇಲ್ದಿದ್ರೆ ಮೊಗೆಯಕೆ ನಂಗೇನ್ ಹುಚ್ಚಾ ಸ್ವಾಮಿ? ಆಮೇಲೆ ಹುಟ್ಟು ಹಾಕೋರ್ಯಾರು?"

ಬ್ಯಾಕ್ಟೀರಿಯದ ನೀತಿಯೂ ಇದೇ. ಟೆಟ್ರಾಸೈಕ್ಲಿನ್ ಕುಲದ ಮೊದಲ ಔಷಧವಾದ ಆರಿಯೋಮೈಸಿನ್ 1948ರಲ್ಲಿ ಬಳಕೆಗೆ ಬಂದಿತು. ಅದು ಹೊರಬಂದ ಅಮೆರಿಕದ ಲೆಡರ್ಲೆ ಸಂಶೋಧನಾಲಯದ ಮುಖ್ಯಸ್ಥರು ನಮ್ಮ ನೆರೆಯ ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಕೆಲವು ಕ್ರಿಮಿಗಳು ಅದನ್ನು ಹೊರದೂಡಿಯೇ ಬದುಕುತ್ತವೆಂಬುದನ್ನು 1980ರಲ್ಲಿ ಬಾಸ್ಟನ್ನಿನ ಲಾರಾ ಮೆಕ್‌ಮರ್ರಿ, ಸ್ಟುವರ್ಟ್ ಲೆವಿ ಮೊದಲಾದವರು ತೋರಿಸಿಕೊಟ್ಟರು. ಪಂಪು ಕಟ್ಟುವುದಕ್ಕೆ ಶಕ್ತಿ ಬೇಕು; ಔಷಧವಿಲ್ಲದಾಗ ಅದು ದುಂದು. ಆದ್ದರಿಂದ ಪಂಪಿನ ವಂಶವಾಹಿಯ ಬಾಗಿಲಲ್ಲಿ ಒಂದು ಪ್ರೋಟೀನು ಕಾವಲು ಕುಳಿತು ಅದನ್ನು ತಡೆದಿರುತ್ತದೆ. ಟೆಟ್ರಾಸೈಕ್ಲಿನ್ ಒಳಗೆ ಕಾಲಿಟ್ಟೊಡನೆ ಆ ಕಾವಲುಗಾರನಿಗೇ ಅಂಟಿಕೊಳ್ಳುತ್ತದೆ. ಅವನ ಆಕಾರ ಬದಲಾಗಿ ಬಾಗಿಲು ಬಿಟ್ಟು ಕದಲುತ್ತಾನೆ. ಪಂಪುಗಳು ಸಿದ್ಧವಾಗತೊಡಗುತ್ತವೆ. ಮುತ್ತಿಗೆ ಹಾಕಲು ಬಂದ ಶತ್ರುವೇ ಕೋಟೆಯವರನ್ನು ಎಬ್ಬಿಸಿದ ಹಾಗೆ!

ನಮ್ಮ ಕರುಳಿನಲ್ಲಿ ವಾಸಿಸುವ ಇ. ಕೋಲಿ ಎಂಬ ಬ್ಯಾಕ್ಟೀರಿಯಕ್ಕೆ ಹುಟ್ಟಿನಿಂದಲೇ ಬಂದ ಮತ್ತೊಂದು ಪಂಪಿದೆ. ಮೂರು ಬಗೆಯ ಪ್ರೋಟೀನುಗಳು ಕೂಡಿದ ಕೊಳವೆ ಅದು. ಪಿತ್ತರಸದ ಲವಣಗಳನ್ನು ಹೊರದೂಡುವ ಆ ಕೊಳವೆ ಹಲವು ಜಾತಿಯ ಆಂಟಿಬಯಾಟಿಕ್‌ಗಳನ್ನೂ ಹೊರದೂಡಬಲ್ಲುದು. ಅದರ ಕಾವಲು ಪ್ರೋಟೀನಿನ ವಂಶವಾಹಿಯೇ ಆಕಸ್ಮಿಕವಾಗಿ ಕೆಟ್ಟರೆ ಪಂಪುಗಳು ಮಿತಿಮೀರಿ ಹುಟ್ಟುತ್ತವೆ. ಔಷಧವಿಲ್ಲದ ದಿನಗಳಲ್ಲಿ ಇಂಥ ಕ್ರಿಮಿಗೆ ದುಂದುಗಾರನ ಪಾಡು. ಆದರೆ ನಾವು ಅನಾವಶ್ಯಕವಾಗಿ ಗುಳಿಗೆ ನುಂಗಿದೆವೆನ್ನಿ: ನಿರುಪದ್ರವಿಗಳು ಸಾಯುತ್ತವೆ, ದುಂದುಗಾರನ ಸಂತಾನ ಬೆಳೆಯುತ್ತದೆ. ಸಾಲದುದಕ್ಕೆ, ಟೆಟ್ರಾಸೈಕ್ಲಿನ್ ಪಂಪಿನ ವಂಶವಾಹಿಯನ್ನು ಒಂದು ಕ್ರಿಮಿ ಮತ್ತೊಂದಕ್ಕೆ ದಾನ ಮಾಡುವುದೂ ಉಂಟು. ಉಳಿದ ಗುಳಿಗೆ ಹಂಚುವ ಉಪಕಾರಿಗಳು ಅಲ್ಲಿಯೂ ಇದ್ದಾರೆ!

ಪಂಪನ್ನೇ ಕಟ್ಟಿಹಾಕುವ ಮದ್ದಿಗಾಗಿ ವಿಜ್ಞಾನಿಗಳು ಹುಡುಕುತ್ತಿದ್ದಾರೆ. ರೋಗಿಗೆ ಕೊಡುವಂಥದು ಇನ್ನೂ ಕೈಸೇರಿಲ್ಲ. ಅಲ್ಲಿಯವರೆಗೆ ಇರುವ ಔಷಧಗಳನ್ನು ಕಾಪಾಡಿಕೊಳ್ಳುವುದೇ ದಾರಿ. ವೈದ್ಯರ ಚೀಟಿಯಿಲ್ಲದೆ ಇವನ್ನು ಕೊಳ್ಳಬೇಡಿರೆಂದು ತಿಳಿಸಲು ಗುಳಿಗೆಯ ಹಾಳೆಯ ಮೇಲೆ ಕೆಂಪು ಗೆರೆಯೊಂದಿರುತ್ತದೆ. 2016ರಲ್ಲಿ ಕೇಂದ್ರ ಸರ್ಕಾರ ಅದರ ಅರ್ಥವನ್ನು ಸಾರಿ ಪ್ರಚಾರ ಮಾಡಿತು. ನಮ್ಮ ಮನೆಯಲ್ಲಿ ಅದನ್ನು ಎಲ್ಲರಿಗಿಂತ ಮೊದಲು ನೋಡುವವರು ಅತ್ತಿಗೆ. ಮೊನ್ನೆ ನನಗೆ ಗಂಟಲು ನೋವಾದಾಗ ಅವರು ಹೇಳಿದರು: "ಗೆರೆ ಎಳೆದ ಲಕ್ಷ್ಮಣನೂ ಮೈದುನನೇ ಕಣಯ್ಯ. ದಾಟಿದ್ದರ ಫಲ ಅತ್ತಿಗೆಗೆ ಗೊತ್ತು. ಮೊದಲು ಡಾಕ್ಟರಿಗೆ ತೋರಿಸಿಕೊಂಡು ಬಾ."