ಹೆಸರು ಯಾರಿಗೆ ಸೇರಿದ್ದು?

ನಮ್ಮ ಶಾಲೆಯಲ್ಲಿ ಕಲಿತು, ಹೊಟ್ಟೆಪಾಡಿಗಾಗಿ ಧಾರವಾಡವನ್ನು ಬಿಟ್ಟು ಗುಜರಾತಿಗೆ ಬಂದವರಲ್ಲಿ ನಾನೂ ಒಬ್ಬ. ನಾನಿರುವ ಊರು ವಡೋದರಾ. ಹಳಬರು ಇಂದಿಗೂ ಬರೋಡೆ ಎಂದೇ ಕರೆಯುತ್ತಾರೆ. ನಾನೂ ಹಾಗೆಯೇ ಕರೆಯುವೆನು. ಇಲ್ಲಿಯ ಸಂಗೀತದ ವಿಷಯವಾಗಿ ವಾರ್ಷಿಕ ಸಂಚಿಕೆಗೆ ಏನಾದರೂ ಬರೆಯಬೇಕೆಂದು ಗುರುಗಳಿಂದ ಅಪ್ಪಣೆಯಾದಾಗ, ನವರಾತ್ರಿಯ ಗರಬಾವನ್ನು ವರ್ಣಿಸಿದರಾಯಿತೆಂದು ಯೋಚಿಸಿದ್ದೆ. ಆದರೆ ಗುಜರಾತಿಗೆ ಬಂದವರೆಲ್ಲ ಗರಬಾವನ್ನೇ ವರ್ಣಿಸುತ್ತಾರೆ. ಆದುದರಿಂದ ನಮ್ಮ ಮನೆಯ ತಾರಸಿಯ ಮೇಲೆ ನಡೆದ ಒಂದು ವಾದವನ್ನು ಬರೆಯುತ್ತೇನೆ.

ನಮ್ಮ ಓಣಿಯ ನಾಲ್ವರು ಕಾಲೇಜು ಹುಡುಗರು ಒಂದು ಬ್ಯಾಂಡನ್ನು ಕಟ್ಟಿಕೊಂಡಿದ್ದರು. ಬ್ಯಾಂಡೆಂದರೆ ಮದುವೆಯ ಮೆರವಣಿಗೆಯ ಬ್ಯಾಂಡಲ್ಲ. ಒಬ್ಬ ಹಾಡುವನು, ಒಬ್ಬ ಡ್ರಮ್ ಬಾರಿಸುವನು, ಸೂರತ್ತಿನಿಂದ ಓದಲು ಬಂದವನೊಬ್ಬ ಮಂದ್ರಸ್ವರದ ಗಿಟಾರನ್ನು ಹಿಡಿಯುವನು. ನಾಲ್ಕನೆಯವನು ಮುಖ್ಯ ಗಿಟಾರಿನವನು. ಅವರು ನುಡಿಸುತ್ತಿದ್ದುದು ಬ್ಲೂಸ್. ಅಮೆರಿಕದ ದಕ್ಷಿಣ ಸೀಮೆಯ ಹತ್ತಿಯ ಹೊಲಗಳಲ್ಲಿ ದುಡಿದ ಆಫ್ರಿಕದ ಮೂಲದ ಜನರ ಹಾಡು ಅದು. 1960ರ ದಶಕದಲ್ಲಿ ಇಂಗ್ಲೆಂಡಿನ ತರುಣರು ಅದನ್ನು ವಿದ್ಯುತ್ ಗಿಟಾರಿಗೆ ಒಗ್ಗಿಸಿ, ಡ್ರಮ್ಮಿನ ಬಲವನ್ನು ಕೊಟ್ಟು, ಬ್ಲೂಸ್ ರಾಕ್ ಎಂಬ ಹೊಸ ರೀತಿಯನ್ನು ಮಾಡಿದರು. ಮೊದಮೊದಲು ನನಗದು ಗದ್ದಲವೆಂದೇ ತೋರಿತು. ಆದರೆ ಅದರಲ್ಲಿ ನಮ್ಮ ಕೋಮಲ ಗಾಂಧಾರಕ್ಕೂ ಶುದ್ಧ ಗಾಂಧಾರಕ್ಕೂ ನಡುವೆ ತೂಗಾಡುವ ಸ್ವರವೊಂದಿದೆ. ಅದು ಕಿವಿಗೆ ಬಿದ್ದ ಮೇಲೆ ನಾನು ಬಾಯಿ ಮುಚ್ಚಿಕೊಂಡು ಕೇಳಲಾರಂಭಿಸಿದೆ.

ಈ ಹುಡುಗರ ಕುಲದೈವ ಫ್ಲೀಟ್‌ವುಡ್ ಮ್ಯಾಕ್ ಎಂಬ ಬ್ಯಾಂಡು. ಅದೂ ಅದರ ಆರಂಭದ ಮೂರು ವರ್ಷಗಳದು ಮಾತ್ರ. 1967ರಲ್ಲಿ ಲಂಡನ್ನಿನಲ್ಲಿ ಅದನ್ನು ಸ್ಥಾಪಿಸಿದವನು ಪೀಟರ್ ಗ್ರೀನ್ ಎಂಬ ಇಪ್ಪತ್ತರ ತರುಣ. ಮಂದಿಯೆಲ್ಲ ಬರುತ್ತಿದ್ದುದು ಇವನ ಗಿಟಾರನ್ನು ಕೇಳಲೆಂದು. ಇವನಾದರೋ ಬ್ಯಾಂಡಿಗೆ ಮಿಕ್ ಫ್ಲೀಟ್‌ವುಡ್ ಎಂಬ ಡ್ರಮ್ಮಿನವನ ಹೆಸರನ್ನೂ, ಜಾನ್ ಮೆಕ್‌ವೀ ಎಂಬ ಮಂದ್ರ ಗಿಟಾರಿನವನ ಹೆಸರನ್ನೂ ಕೂಡಿಸಿ ಇಟ್ಟನು. ವಿನೋದವೆಂದರೆ, ಹೆಸರಿಡುವಾಗ ಮೆಕ್‌ವೀ ಇನ್ನೂ ಬ್ಯಾಂಡಿಗೆ ಸೇರಿಯೇ ಇರಲಿಲ್ಲ! 1968ರಲ್ಲಿ ಅವರು ಹೊರತಂದ ‘ಆಲ್ಬಟ್ರಾಸ್’ ಎಂಬ ವಾದ್ಯಕೃತಿಯಲ್ಲಿ ಮಾತಿಲ್ಲ, ಅವಸರವಿಲ್ಲ. ಕಡಲಿನ ಮೇಲೆ ರೆಕ್ಕೆ ಬಡಿಯದೆ ತೇಲುವ ಹಕ್ಕಿಯಂತೆ ಸ್ವರಗಳು ಬರುತ್ತವೆ. ಗ್ರೀನ್ ಹತ್ತು ಸ್ವರ ನುಡಿಸಬಹುದಾದಲ್ಲಿ ಎರಡನ್ನು ನುಡಿಸಿ ನಿಲ್ಲುವನು. ಖ್ಯಾತಿಯೂ ಹಣವೂ ಹರಿದುಬಂದುವು. ಆ ಹಣವೇ ಅವನಿಗೆ ಮುಳ್ಳಾಯಿತು. ಗಳಿಸಿದುದನ್ನು ದಾನ ಮಾಡಿಬಿಡೋಣವೆಂದು ಜೊತೆಗಾರರನ್ನು ಒತ್ತಾಯಿಸಿದನು, ಅವರು ಒಪ್ಪಲಿಲ್ಲ. 1970ರ ಮೇ ತಿಂಗಳಲ್ಲಿ ಬ್ಯಾಂಡನ್ನು ಬಿಟ್ಟನು. ಮುಂದೆ ಬಹುಕಾಲ ಮನೋರೋಗದಿಂದ ಬಳಲಿ, 2020ರ ಜುಲೈ 25ರಂದು ತೀರಿಕೊಂಡನು. ಇತ್ತ ಉಳಿದವರು ಹೊಸಬರನ್ನು ಕೂಡಿಸಿಕೊಂಡು, ಬೇರೆಯೇ ಬಗೆಯ ಹಾಡುಗಳನ್ನು ಕಟ್ಟಿ, 1977ರಲ್ಲಿ ‘ರೂಮರ್ಸ್’ ಎಂಬ ಧ್ವನಿಮುದ್ರಿಕೆಯನ್ನು ತಂದರು. ಅದರ ನಾಲ್ಕು ಕೋಟಿ ಪ್ರತಿಗಳು ಮಾರಿಹೋದುವೆಂದು ಲೆಕ್ಕ.

ಹುಡುಗರ ವಾದ ಹುಟ್ಟಿದ್ದು ಇಲ್ಲಿ. ಗ್ರೀನ್ ಹೋದ ಮೇಲೆ ಅದು ಅದೇ ಬ್ಯಾಂಡೆ? ಹಾಡುವವನು, “ಪ್ರಾಣ ಹೋದ ಮೇಲೆ ಉಳಿಯುವುದು ಹೆಣ” ಎನ್ನುವನು. ಡ್ರಮ್ಮಿನವನು, “ಹೆಸರಿರುವುದು ಉಳಿದವರದು, ಹೋದವನದಲ್ಲ” ಎಂದು ಸಿಡುಕುವನು. ಪ್ರತಿ ಭಾನುವಾರ ಇದೇ ಮಾತು. ಅರ್ಧ ಶತಮಾನದ ಹಿಂದೆ ಲಂಡನ್ನಿನಲ್ಲಿ ನಡೆದುದಕ್ಕಾಗಿ ಬರೋಡೆಯಲ್ಲಿ ಇಷ್ಟು ಕಾವೇಕೆಂದು ನನಗೆ ಆಶ್ಚರ್ಯವಾಗುತ್ತಿತ್ತು. ಆಮೇಲೆ ತಿಳಿಯಿತು: ನಮ್ಮ ಮುಖ್ಯ ಗಿಟಾರಿನವನಿಗೆ ಕೆನಡಾಕ್ಕೆ ಹೋಗಲು ಪರವಾನಗಿ ಬಂದಿತ್ತು. ಮಿಕ್ಕವರು ಅವನೆದುರಿಗೆ ನೇರವಾಗಿ ಆಡಲಾರದ ಮಾತನ್ನು ಪೀಟರ್ ಗ್ರೀನನ ಮೇಲೆ ಹೊರಿಸಿ ಆಡುತ್ತಿದ್ದರು.

ಕೆಳಗಿನ ಮನೆಯಲ್ಲಿ ವೃದ್ಧ ಮರಾಠಿ ಗೃಹಸ್ಥರೊಬ್ಬರಿದ್ದಾರೆ. ಪ್ರತಿ ಜನವರಿಯಲ್ಲಿ ಸಪ್ತಕ ಸಂಗೀತೋತ್ಸವಕ್ಕಾಗಿ ಅಹಮದಾಬಾದಿಗೆ ತಪ್ಪದೆ ಹೋಗುವ ರಸಿಕರು. ಒಂದು ಸಂಜೆ ಅವರು ತಾರಸಿಗೆ ಬಂದು ಕುಳಿತು, ವಾದವನ್ನೆಲ್ಲ ಕೇಳಿ, “ಇದು ನಮ್ಮೂರಿನಲ್ಲೇ ನಡೆದ ಕಥೆಯಪ್ಪ” ಎಂದರು.

ನಡೆದದ್ದು ನಿಜ. ಮಹಾರಾಜ ಸಯಾಜಿರಾವ್ ಗಾಯಕವಾಡರ ಆಸ್ಥಾನದಲ್ಲಿ, ಹತ್ತೊಂಬತ್ತನೆಯ ಶತಮಾನದ ಕೊನೆಗೆ, ಕಿರಾಣಾ ಎಂಬ ಉತ್ತರದ ಊರಿನಿಂದ ಬಂದ ಅಬ್ದುಲ್ ಕರೀಂ ಖಾನ್ ಎಂಬ ತರುಣ ಗಾಯಕರಿದ್ದರು. ರಾಜಬಂಧುಗಳಾದ ಸರದಾರ ಮಾರುತಿರಾವ್ ಮಾನೆಯವರ ಮಗಳು ತಾರಾಬಾಯಿ ಅವರಲ್ಲಿ ಸಂಗೀತ ಕಲಿಯುತ್ತಿದ್ದಳು. ಪ್ರೇಮ ಬೆಳೆಯಿತು, ಇಬ್ಬರೂ ಊರು ಬಿಟ್ಟು ಮುಂಬಯಿಗೆ ಹೋದರು. ಆಸ್ಥಾನದ ಬಾಗಿಲು ಮುಚ್ಚಿತು.

“ಅಂಥ ಕಂಠ ಬರೋಡೆಗೆ ತಪ್ಪಿಹೋಯಿತು” ಎಂದು ವೃದ್ಧರು ನಿಟ್ಟುಸಿರಿಟ್ಟರು.

ಡ್ರಮ್ಮಿನವನು ಬಿಡಲಿಲ್ಲ. “ಆಮೇಲೆ ಫೈಯಾಜ್ ಖಾನ್ ಬಂದರಲ್ಲ, ದಾದಾ! 1950ರಲ್ಲಿ ಕಣ್ಣುಮುಚ್ಚುವವರೆಗೂ ಇಲ್ಲಿಯೇ ಇದ್ದರು. ಬರೋಡೆಯ ಹೆಸರು ಉಳಿದದ್ದು ಅವರಿಂದ.” ಇದೂ ಸುಳ್ಳಲ್ಲ. ಆ ಫೈಯಾಜ್ ಖಾನರಿಗೆ ‘ಆಫ್ತಾಬ್-ಎ-ಮೌಸಿಕಿ’, ಎಂದರೆ ಸಂಗೀತದ ಸೂರ್ಯ, ಎಂಬ ಬಿರುದನ್ನಿತ್ತವರು ನಮ್ಮ ಮೈಸೂರಿನ ಅರಸರು.

ಧಾರವಾಡದವನಾದ ನಾನು ಇನ್ನು ಸುಮ್ಮನಿರುವುದೆಂತು? ಕರೀಂ ಖಾನರು ಮಿರಜದಲ್ಲಿ ನೆಲೆಸದಿದ್ದರೆ, ಕುಂದಗೋಳದ ಸವಾಯಿ ಗಂಧರ್ವರಿಗೆ ಆ ಗುರು ಸಿಗುತ್ತಿರಲಿಲ್ಲ. ಸವಾಯಿ ಗಂಧರ್ವರಿಲ್ಲದೆ, ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಪಾಠಕ್ಕೆ ಹೋಗುತ್ತಿದ್ದ ಗಂಗೂಬಾಯಿ ಹಾನಗಲ್ಲರು ಎಲ್ಲಿ? ಗದಗಿನ ಹನ್ನೊಂದು ವರ್ಷದ ಭೀಮಸೇನ ಜೋಶಿ, ಕರೀಂ ಖಾನರ ಝಿಂಝೋಟಿಯ ಠುಮರಿಯನ್ನು ಗ್ರಾಮಫೋನಿನಲ್ಲಿ ಕೇಳಿ, 1933ರಲ್ಲಿ ಗುರುವನ್ನರಸಿ ಮನೆ ಬಿಟ್ಟದ್ದು ನಿಮಗೆಲ್ಲ ತಿಳಿದದ್ದೇ. ಇದನ್ನೆಲ್ಲ ಹೇಳಿ, “ನಿಮ್ಮ ನಷ್ಟ ನಮ್ಮ ಪಾಲಿಗೆ ಲಾಭವಾಯಿತು” ಎಂದೆ.

“ಅದಕ್ಕೇ ನೀವು ಇಲ್ಲಿ ಬಂದು ದುಡಿದು ಸಾಲ ತೀರಿಸುತ್ತಿದ್ದೀರಿ” ಎಂದು ವೃದ್ಧರು ನಗದೆ ನುಡಿದರು. ಹುಡುಗರು ನಕ್ಕರು.

ನಗದಿದ್ದವನು ಗಿಟಾರಿನವನೊಬ್ಬನೇ. ಕರೀಂ ಖಾನರು ಕೊನೆಗೆ ಏನಾದರೆಂದು ಕೇಳಿದನು. ಹೇಳಿದೆ. 1937ರ ಅಕ್ಟೋಬರಿನಲ್ಲಿ, ಪುದುಚೇರಿಗೆ ಹೋಗುವ ದಾರಿಯಲ್ಲಿ ಅಸ್ವಸ್ಥರಾಗಿ, ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದರು. ಅಲ್ಲಿಯೇ ಪ್ರಾಣ ಬಿಟ್ಟರು. ಅದಕ್ಕೆ ಹದಿನೈದು ವರ್ಷ ಮೊದಲೇ ತಾರಾಬಾಯಿ ಮಕ್ಕಳನ್ನು ಕರೆದುಕೊಂಡು ಬೇರೆಯಾಗಿದ್ದಳು. ಆ ಮಕ್ಕಳಲ್ಲಿ ಹೀರಾಬಾಯಿ ದೊಡ್ಡ ಗಾಯಕಿಯಾದಳು. ಹುಟ್ಟಿದ್ದು ಮಿರಜದಲ್ಲಿ; ಆದರೂ ಅವಳ ಹೆಸರು ಹೀರಾಬಾಯಿ ಬಡೋದೇಕರ್, ಬರೋಡೆಯವಳು.

ಅವನು ಬಹಳ ಹೊತ್ತು ತಂತಿಯನ್ನು ಸುಮ್ಮನೆ ಬಿಗಿಮಾಡುತ್ತ, ಸಡಿಲಿಸುತ್ತ ಕುಳಿತಿದ್ದನು. ಬಳಿಕ ಮೆಲ್ಲಗೆ ಹೇಳಿದನು: “ಕಾಕಾ, ಕರೀಂ ಖಾನರು ಪ್ರೀತಿಗಾಗಿ ಹೋದರು. ಗ್ರೀನ್ ಹಣ ಬೇಡವೆಂದು ಹೋದನು. ನಾನು ಹಣಕ್ಕಾಗಿಯೇ ಹೋಗುತ್ತಿದ್ದೇನೆ. ಅಮ್ಮನ ಬಳೆಗಳು ಬ್ಯಾಂಕಿನಲ್ಲಿವೆ.”

ಯಾರೂ ಮಾತಾಡಲಿಲ್ಲ. ಹಾಡುವವನು ಅಂದಿನಿಂದ ‘ಹೆಣ’ ಎಂಬ ಮಾತನ್ನು ಆಡಲಿಲ್ಲ.

ಹುಡುಗನು ಡಿಸೆಂಬರಿನಲ್ಲಿ ಹೋದನು. ಬ್ಯಾಂಡಿನ ಹೆಸರನ್ನು ಬದಲಿಸಬಾರದೆಂದು ಡ್ರಮ್ಮಿನವನ ಕೈಯಲ್ಲಿ ಮಾತು ತೆಗೆದುಕೊಂಡು ಹೋದನಂತೆ. ಉತ್ತರಾಯಣದ ದಿನ ಊರೆಲ್ಲ ತಾರಸಿಗಳ ಮೇಲೆ ಗಾಳಿಪಟ ಹಾರಿಸುತ್ತಿದ್ದಾಗ, ಉಳಿದ ಮೂವರು ನಮ್ಮ ತಾರಸಿಯಲ್ಲಿ ನುಡಿಸಿದರು. ಗಿಟಾರು ಬರಬೇಕಾದ ಹನ್ನೆರಡು ಆವರ್ತನಗಳಷ್ಟು ಕಾಲ ಹಾಡುವವನು ಬಾಯಿ ತೆರೆಯಲಿಲ್ಲ. ಡ್ರಮ್ಮೂ ಮಂದ್ರದ ತಂತಿಯೂ ಮಾತ್ರ ಎಣಿಸುತ್ತಿದ್ದುವು. ಪಕ್ಕದ ಮನೆಯವರು, ಹುಡುಗರು ಹಾಡನ್ನು ಮರೆತರೆಂದು ತಿಳಿದು, ಚಪ್ಪಾಳೆ ತಟ್ಟಿ ಹುರಿದುಂಬಿಸಿದರು.